ಕವನಮ್ಮನ ಮೋಟ್ರು

ಮಂಗಳವಾರ, 9 ಸೆಪ್ಟೆಂಬರ್ 2025

ಪ್ರೀತಿಯ ಕವನ,

ರಾತ್ರಿ ಎರಡು ಗಂಟೆ ನಲವತ್ತು ನಿಮಿಷಕ್ಕೆ ನಲ್ಲಿ ನನ್ನನ್ನು ಎಬ್ಬಿಸಿತು. ನೀರು ಬರುವುದಕ್ಕೆ ಮುಂಚೆ ಪೈಪಿನೊಳಗಿನ ಗಾಳಿ ಸುಯ್ಯೆಂದು ಸಿಳ್ಳೆ ಹಾಕುತ್ತದಲ್ಲ, ಆ ಸದ್ದು. ಎಬ್ಬಿಸಿತು ಅನ್ನುವುದೂ ಪೂರ್ತಿ ನಿಜವಲ್ಲ. ಸುಮ್ಮನೆ ಕಣ್ಣು ಮುಚ್ಚಿಕೊಂಡು ಬಿದ್ದಿದ್ದೆ. ಪಕ್ಕದಲ್ಲಿ ಪಾಪು ಮಾತ್ರ ಮಿಸುಕಲಿಲ್ಲ. ಅವಳಿಗೆ ಐದು ತಿಂಗಳು ತುಂಬಿತು ಕಣೇ. ಬೋರಲು ಬೀಳುವುದನ್ನು ಕಲಿತಿದ್ದಾಳೆ, ಮತ್ತೆ ಅಂಗಾತ ಆಗುವುದು ಗೊತ್ತಾಗದೆ ಅಳುತ್ತಾಳೆ. ನೀನು ತಂದುಕೊಟ್ಟ ದೃಷ್ಟಿಮಣಿಯ ಬಳೆ ಕೈಗೆ ಬಿಗಿಯಾಯಿತು. ತೆಗೆದು ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ.

ಎದ್ದು ಹಿತ್ತಲಿಗೆ ಹೋಗಿ ಡ್ರಮ್ಮಿಗೆ ಪೈಪು ಬಿಟ್ಟೆ. ಓಣಿಯ ತುದಿಯಲ್ಲಿ ಟಾರ್ಚಿನ ಬೆಳಕು. ವಾಲ್ವು ತಿರುಗಿಸುತ್ತಿದ್ದವರು ನಮ್ಮ ನೀರುಗಂಟಿ ಇದ್ರೀಸಣ್ಣ.

"ಏನ್ ಮೇಡಂ, ಇನ್ನೂ ಮಲೀಕಂಡಿಲ್ವಾ? ಬೆಳಗಾದ್ರೆ ಜಮಾಬಂದಿ ಮಡೀಕಂಡು?" ಅಂದರು.

ಪಾಪು ಮಲಗಲು ಬಿಡಲಿಲ್ಲ ಎಂದು ಮಗುವಿನ ಮೇಲೆ ಹಾಕಿದೆ. ಅವರು ಪೈಪಿಗೆ ಕಿವಿಗೊಟ್ಟು, "ಕವನಮ್ಮನ ಮೋಟ್ರು ಎಂಗ್ ಎತ್ತುತಾ ಐತೆ ನೋಡಿ! ಒಸಿ ಹೊತ್ಗೆ ಮೇಲ್ಗಡೆ ಕಾಲೋನಿಗೂ ಬುಟ್ಬುಡ್ತೀನಿ" ಎಂದು ಹೊರಟುಹೋದರು.

ಕವನಮ್ಮನ ಮೋಟ್ರು. ಊರೆಲ್ಲ ಅದನ್ನು ಹಾಗೇ ಕರೆಯುತ್ತದೆ, ನಿನಗೆ ಗೊತ್ತೋ ಇಲ್ಲವೋ. ಬೆಳಿಗ್ಗೆ ಹತ್ತಕ್ಕೆ ಅದೇ ಊರಿನವರನ್ನು ಕೂರಿಸಿಕೊಂಡು ವರ್ಷದ ಜಮಾಖರ್ಚು ಓದುತ್ತಾರೆ. ಆ ಮೋಟಾರಿನ ದುಡ್ಡು, ಒಂದು ಲಕ್ಷ ಎಂಬತ್ತಾರು ಸಾವಿರ, ನಿನ್ನಿಂದ ವಸೂಲು ಮಾಡತಕ್ಕದ್ದು ಎಂದೂ ಓದುತ್ತಾರೆ. ಓದುವಾಗ ನಡುವಿನ ಕುರ್ಚಿಯಲ್ಲಿ ಪಂಚಾಯಿತಿ ಅಧ್ಯಕ್ಷೆ ಎಂದು ಕೂತಿರುವವಳು ನಾನು.

ಸಂಜೆಯಿಂದ ನಿನಗೆ ಹನ್ನೊಂದು ಸಲ ಫೋನ್ ಮಾಡಿದೆ. ಸ್ವಿಚ್ ಆಫ್. ಜೂನ್ ತಿಂಗಳಿಂದ ನೀನು ನನ್ನ ಕರೆ ಎತ್ತಿಲ್ಲ. ಎತ್ತು ಅನ್ನುವ ಮುಖವೂ ನನಗಿಲ್ಲ. ಅದಕ್ಕೇ ಈ ಕಾಗದ. ನಮ್ಮ ಮನೆಯವರು ನಾಲ್ಕು ಗಂಟೆಗೆ ಕಾರ್ಖಾನೆಯ ಮೊದಲ ಪಾಳಿಯ ಬಸ್ಸು ತೆಗೆಯುತ್ತಾರೆ, ಐದಕ್ಕೆಲ್ಲ ಬಿಡದಿ. ನೀನು ಕ್ಯಾಶಿಗೆ ಕೂರುವ ತಟ್ಟೆ ಇಡ್ಲಿ ಹೋಟೆಲಿನ ಮುಂದೆಯೇ ಅವರ ದಾರಿ. ನಿನ್ನ ಕೈಗೇ ಕೊಡಬೇಕು ಎಂದು ಹೇಳಿ ಕಳಿಸುತ್ತೇನೆ. ಬರೆಯಲು ಇರುವುದು ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು. ಅಕ್ಷರ ಕೋಳಿಕಾಲಾಗಿದ್ದರೆ ಬೈದುಕೊಂಡೇ ಓದು. ರಾಮನಗರದ ಕಾಲೇಜಿನಲ್ಲಿ ಮೂರು ವರ್ಷ ನನ್ನ ನೋಟ್ಸನ್ನು ಹಾಗೆ ತಾನೇ ಓದಿದ್ದು.

ನಿನ್ನೆ ಸಂಜೆ ನಮ್ಮ ಪಿಡಿಒ ಸ್ವಾಮಿ ಸಾರ್ ಫೈಲು ಹಿಡಿದುಕೊಂಡು ಮನೆಗೆ ಬಂದರು. ಕಾಫಿ ಬೇಡ ಬೇಡ ಎನ್ನುತ್ತಲೇ ಎರಡು ಲೋಟ ಕುಡಿದು, ಮೈ ಹಗುರವಾದವರ ಹಾಗೆ ಹೇಳಿದರು: "ಮೇಡಂ, ಇನ್ನು ಟೆನ್ಷನ್ ಬುಟ್ಬುಡಿ. ಆ ಹುಡ್ಗೀನೇ ಒಪ್ಕಂಡು ಬರ್ಕೊಟ್ಟವ್ಳೆ. ತಿಂಗ್ಳಿಗೆ ಐದ್ ಸಾವ್ರ ಕಟ್ತಾಳಂತೆ. ಸಭೇಲಿ ಓದ್ಬುಟ್ರೆ ಮುಗೀತು. ಪೊಲೀಸು ಗಿಲೀಸು ಏನೂ ಬ್ಯಾಡ."

ಕಾಗದ ತೆರೆದೆ. ನಿನ್ನದೇ ದುಂಡು ಅಕ್ಷರ. 'ಅಧ್ಯಕ್ಷರ ಗಮನಕ್ಕೆ ತಾರದೆ ಅವರ ಡಿಜಿಟಲ್ ಸಹಿಯ ಡಾಂಗಲ್ ಅನ್ನು ನಾನೇ ಬಳಸಿರುತ್ತೇನೆ. ಸದರಿ ಮೊತ್ತವನ್ನು ಕಂತುಗಳಲ್ಲಿ ಪಾವತಿಸಲು ಬದ್ಧಳಾಗಿರುತ್ತೇನೆ.' ಪೊಲೀಸ್ ಅನ್ನುವ ಮಾತು ಕೇಳಿ ನಿಮ್ಮಮ್ಮ ಬಸಮ್ಮನವರು ಎರಡು ದಿನ ಊಟ ಬಿಟ್ಟಿದ್ದರಂತೆ, ಅದಕ್ಕೇ ಬರೆದುಕೊಟ್ಟೆಯಂತೆ. ನಾನು ಅಲ್ಲೇ ಕೂತು ಲೆಕ್ಕ ಹಾಕಿದೆ. ಮೂರು ವರ್ಷದ ಮೇಲೆ ಇನ್ನೆರಡು ತಿಂಗಳು. ಅಷ್ಟು ಹೊತ್ತಿಗೆ ನಮ್ಮ ಪಾಪು ಅಂಗನವಾಡಿಗೆ ಹೋಗುತ್ತಿರುತ್ತಾಳೆ. ನೀನು ಇನ್ನೂ ನನ್ನ ಸುಳ್ಳಿಗೆ ಕಂತು ಕಟ್ಟುತ್ತಿರುತ್ತೀಯ.

ಈ ಕಾಗದ ಫೈಲಿನಲ್ಲಿ ಇರದಿದ್ದರೆ ಏನಾಗುತ್ತೆ ಸಾರ್ ಎಂದು ಕೇಳಿದೆ. ಅವರು ಲೋಟ ಕೆಳಗಿಟ್ಟರು. "ಅದೆಂಗಾಯ್ತದೆ ಮೇಡಂ? ಕೊಟ್ಟಿರೋಳು ಅವ್ಳು. ಅವ್ಳೇ ವಾಪಸ್ ತಕತೀನಿ ಅಂದ್ರೆ ಬ್ಯಾರೆ ಮಾತು. ಅದೂ ಏಳ್ ಗಂಟೆ ಒಳ್ಗೆ. ಏಳಕ್ಕೆ ಜಮಾಬಂದಿ ನಡ್ಸಾಕೆ ಕನಕಪುರದಿಂದ ನೋಡಲ್ ಆಫೀಸರ್ ಬತ್ತಾರೆ. ಫೈಲು ಅವ್ರ ಕೈಗೆ ಹೋದ್ರೆ ಆಮೇಕೆ ಒಂದ್ ಹಾಳೇನೂ ಆಚೆ ಬರಾಕಿಲ್ಲ."

ಏಳು ಗಂಟೆ. ಅದನ್ನು ನೆನಪಿಟ್ಟುಕೋ. ಮಿಕ್ಕದ್ದನ್ನು ನಾನು ಮೊದಲಿಂದ ಬರೆಯಬೇಕು. ನಿನಗೆ ಗೊತ್ತಿರುವುದೇ ಆದರೂ ನನ್ನ ಕೈಯಿಂದ ಬರೆದದ್ದು ಎಲ್ಲೂ ಇಲ್ಲ.

ನಾನು ಅಧ್ಯಕ್ಷೆಯಾದ ಹೊಸತರಲ್ಲಿ ನಮ್ಮ ಖಾತೆಯಲ್ಲಿ ಎಷ್ಟಿದೆ ಎಂದು ಕೇಳಿದ್ದಕ್ಕೆ, ಪಂಚಾಯಿತಿಯ ಕಂಪ್ಯೂಟರ್ ಆಪರೇಟರ್ ಆಗಿದ್ದ ನೀನು ಪರದೆಯನ್ನು ನನ್ನ ಕಡೆ ತಿರುಗಿಸಿದ್ದೆ. "ಮೇಲಿಂದ ಬರೋ ದುಡ್ಡಿಗೆಲ್ಲ ಮೊದಲೇ ಹೆಸರು ಬರೆದಿರುತ್ತೆ ಕಣೇ. ಇಷ್ಟು ಇದಕ್ಕೆ, ಇಷ್ಟು ಅದಕ್ಕೆ. ನಮ್ಮೂರಿಗೆ ಏನು ಬೇಕು ಅಂತ ನಾವೇ ತೀರ್ಮಾನ ಮಾಡಬಹುದಾದ್ದು ನಾವೇ ಎತ್ತಿದ ಕಂದಾಯ ಒಂದೇ. ಅದು ಇಷ್ಟು" ಎಂದು ಕಿರುಬೆರಳಿನ ತುದಿ ತೋರಿಸಿದ್ದೆ. ಎರಡು ಲಕ್ಷ ಹತ್ತು ಸಾವಿರ. ಹಾರೋಹಳ್ಳಿ ಕಡೆಯ ರಸ್ತೆಯಲ್ಲಿ ಲಾರಿ ತಿರುಗುವಷ್ಟು ದೊಡ್ಡ ಗೋಡೌನುಗಳು ಎದ್ದಿದ್ದವು. ನಮ್ಮ ರಿಜಿಸ್ಟರಿನಲ್ಲಿ ಅವೆಲ್ಲ ಇನ್ನೂ 'ಶೀಟಿನ ಕೊಟ್ಟಿಗೆ'.

ಹೋದ ವರ್ಷದ ಜುಲೈನಲ್ಲಿ ನಾವಿಬ್ಬರೇ ನಿನ್ನ ಸ್ಕೂಟಿಯಲ್ಲಿ ಟೇಪು ಹಿಡಿದುಕೊಂಡು ಹೋದೆವು. ಮೂರನೇ ಗೋಡೌನಿನ ವಾಚ್‌ಮನ್ ಮುನಾವರ್ ನೆನಪಿದ್ದಾರಾ? ಪಾಪ, ಸಹಾಯ ಮಾಡುತ್ತೇನೆ ಎಂದು ಟೇಪಿನ ತುದಿ ಹಿಡಿದು ನಡೆದವರು ಅರ್ಧಕ್ಕೇ ನಿಂತು, "ಮೇಡಂ, ಟೇಪು ಇಲ್ಲಿಗೆ ಮುಗೀತು" ಅಂದರು. ನೀನು, "ಟೇಪು ಮುಗೀಲಿ ಅಣ್ಣ, ಗೋಡೆ ಮುಗೀಲಿಲ್ವಲ್ಲ. ನಡೀರಿ ಇನ್ನೊಂದ್ಸಲ" ಅಂದೆ. ಅವರಿಗೇ ನಗು ತಡೆಯಲಾಗಲಿಲ್ಲ. ಇಪ್ಪತ್ಮೂರು ಕೊಟ್ಟಿಗೆಗಳು ಒಂದು ತಿಂಗಳಲ್ಲಿ ಗೋಡೌನುಗಳಾದವು. ಮಾಲೀಕರು ಬಂದು ಕೂಗಾಡಿದರು, ಯಾರಿಂದಲೋ ಫೋನ್ ಮಾಡಿಸಿದರು, ಕೊನೆಗೆ ಕಟ್ಟಿದರು. ಹನ್ನೊಂದು ಲಕ್ಷ ನಲವತ್ತು ಸಾವಿರ. ಆವತ್ತು ನೀನು ಹೇಳಿದ ಮಾತು ನನಗೆ ಇವತ್ತಿಗೂ ಬಾಯಿಪಾಠ: "ಈ ದುಡ್ಡಿಗೆ ಇನ್ನೂ ಹೆಸರಿಲ್ಲ, ಪ್ರತಿಮಾ. ನಾವೇ ಇಡಬೇಕು."

ಹೆಸರಿಡಲು ಇನ್ನೊಬ್ಬರೂ ಕಾಯುತ್ತಿದ್ದರು. ಉಪಾಧ್ಯಕ್ಷರು, ನಮ್ಮ ದೇವರಾಜಣ್ಣ. ಊರ ಬಾಗಿಲಿಗೆ ಅವರಪ್ಪನ ಹೆಸರಿನಲ್ಲಿ ಆರು ಲಕ್ಷದ ಕಮಾನು. ನನಗೆ ಏಳನೇ ತಿಂಗಳು ಬಿದ್ದಾಗಿಂದ ಎದುರಾದಾಗಲೆಲ್ಲ ಅದೇ ಮಾತು: "ಚಾರ್ಜ್ ನಂಗ್ ಬರ್ಕೊಟ್ಟು ತವರಿಗೆ ಹೋಗವ್ವ. ಮೂರ್ ತಿಂಗ್ಳು ಪಂಚಾಯ್ತಿ ಮರ್ತ್‌ಬುಡು, ಪಾಪು ನೋಡ್ಕ." ಪ್ರೀತಿಯಿಂದಲೇ ಹೇಳುತ್ತಿದ್ದರು, ಅವರು ಕೆಟ್ಟವರಲ್ಲ. ಆದರೆ ಚಾರ್ಜು ಕೊಟ್ಟರೆ ಮೊದಲ ಸಹಿ ಕಮಾನಿಗೇ ಬೀಳುತ್ತದೆ ಎಂದು ನಮಗಿಬ್ಬರಿಗೂ ಗೊತ್ತಿತ್ತು. ಹಾಗಾಗಿ ನಾನು ರಜೆ ಬರೆಯಲೇ ಇಲ್ಲ. ಹೊಟ್ಟೆ ಹೊತ್ತುಕೊಂಡು, ಬ್ಯಾಗಿನಲ್ಲಿ ಡಾಂಗಲ್ ಹಾಕಿಕೊಂಡು ಮಾಗಡಿ ಕಡೆಯ ನಮ್ಮವ್ವನ ಮನೆಗೆ ಹೋಗಿಬಿಟ್ಟೆ. ಅಧ್ಯಕ್ಷೆಯ ಸಹಿ ಎನ್ನುವುದು ಹೆಬ್ಬೆರಳುದ್ದದ ಆ ಡಾಂಗಲ್ಲೇ, ಅದು ನನ್ನ ಬಳಿ ಇದ್ದರೆ ದುಡ್ಡು ಭದ್ರ ಎಂದುಕೊಂಡಿದ್ದೆ.

ಹೆರಿಗೆಯಾದ ಹದಿನೈದನೇ ದಿನ ನೀನು ಮಗು ನೋಡಲು ಬಂದೆ. ನನ್ನ ದಿಂಬಿನ ಕೆಳಗೆ ಅವ್ವ ಗಾಳಿ ಗೀಳಿ ಸೋಕದಿರಲಿ ಎಂದು ಕಬ್ಬಿಣದ ಚಾಕು ಇಟ್ಟಿದ್ದಳು. ಅದರ ಪಕ್ಕದಲ್ಲೇ ಡಾಂಗಲ್ಲೂ ಇತ್ತು. ನೀನು ನೋಡಿ, "ಅಧ್ಯಕ್ಷರೇ, ದೆವ್ವಗಳಿಗೂ ಬಿಲ್ ಪಾಸ್ ಮಾಡಿಕೊಡ್ತೀರಾ?" ಎಂದು ನಕ್ಕೆ. ನಗುವಾಗ ನನ್ನ ಹೊಲಿಗೆ ಎಳೆದು ಕಣ್ಣಲ್ಲಿ ನೀರು ಬಂತು. ಆಮೇಲೆ ನೀನು ಮೆಲ್ಲಗೆ ವಿಷಯ ಹೇಳಿದೆ: ಇದ್ರೀಸಣ್ಣನ ಸಂಬಳ ಎರಡು ತಿಂಗಳಿಂದ ನಿಂತಿದೆ, ಬೀದಿ ದೀಪದ ಬಿಲ್ಲು ನಿಂತಿದೆ, ನನ್ನ ಸಹಿ ಇಲ್ಲದೆ ಏನೂ ನಡೆಯುತ್ತಿಲ್ಲ, ಎಂದು.

ಕೇಳಿದವಳು ನೀನಲ್ಲ, ಕವನ. ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ನೀನು ಸಂಬಳದ ವಿಷಯ ಹೇಳಿದೆ, ಅಷ್ಟೆ. ಡಾಂಗಲ್ ತಗೊಂಡು ಹೋಗು ಎಂದವಳು ನಾನು. ಬೇಡ ಕಣೇ, ತಪ್ಪಾಗುತ್ತೆ ಎಂದು ನೀನು ಕೈ ಹಿಂದೆ ಕಟ್ಟಿಕೊಂಡೆ. ಹೊರಗೆ ಅವ್ವ ನಿನಗೆಂದು ತಾಂಬೂಲದ ತಟ್ಟೆ ಜೋಡಿಸಿ ದೇವರ ಮುಂದೆ ಇಟ್ಟಿದ್ದಳು. ಅವಳು ಅರಿಸಿನ ತರಲು ಒಳಗೆ ಹೋದಾಗ ನಾನು ಗೋಡೆ ಹಿಡಿದುಕೊಂಡು ಎದ್ದು ಹೋಗಿ ಎಲೆ ಅಡಿಕೆಯ ಕೆಳಗೆ ಅದನ್ನು ಇಟ್ಟೆ, ಪಾಸ್‌ವರ್ಡ್ ಬರೆದ ಚೀಟಿಯ ಜೊತೆ. ಕೊಟ್ಟ ತಾಂಬೂಲವನ್ನು ಬೇಡ ಅನ್ನುವ ಹಾಗಿಲ್ಲ ಎಂದು ನನಗೆ ಗೊತ್ತಿತ್ತು. ನೀನು ಅವ್ವನಿಂದ ಸೆರಗೊಡ್ಡಿ ತೆಗೆದುಕೊಂಡೆ, ಬಗ್ಗಿ ನಮಸ್ಕಾರ ಮಾಡಿದೆ. ಬಸ್ಸಿನಲ್ಲಿ ಬಾಳೆಹಣ್ಣು ಬಿಡಿಸುವಾಗ ನೋಡಿದ್ದಂತೆ. ಫೋನ್ ಮಾಡಿ ಅರ್ಧ ಗಂಟೆ ಬೈದೆ.

ಹೀಗೆ ಯಾರಾದರೂ ಸರ್ಕಾರದ ಸಹಿ ಕೊಡುತ್ತಾರಾ? ನಾವೇ ಇರಬೇಕು.

ಏಪ್ರಿಲ್ ಮೂರನೇ ವಾರ ಕೊಳವೆ ಬಾವಿಯ ಮೋಟಾರು ಸುಟ್ಟಿತು. ಐದು ದಿನ ಊರಿಗೆ ನೀರಿಲ್ಲ. ಕಾಲೋನಿಯ ಹೆಂಗಸರು ಕೊಡ ತಂದು ನಿನ್ನ ಮೇಜಿನ ಮೇಲೇ ಇಟ್ಟು ಹೋದರು. ಖರ್ಚಿಗೆ ಒಪ್ಪಿಗೆ ಕೊಡಬೇಕಾದ ಸಾಮಾನ್ಯ ಸಭೆ ಮೇ ಒಂಬತ್ತಕ್ಕೆ. ಮೂರು ಪಂಚಾಯಿತಿ ನೋಡಿಕೊಳ್ಳುವ ಸ್ವಾಮಿ ಸಾರ್ ತಮ್ಮ ಡಾಂಗಲ್ಲನ್ನೂ ನಿನ್ನ ಡ್ರಾಯರಿನಲ್ಲೇ ಬಿಟ್ಟಿದ್ದರು. "ಅಧ್ಯಕ್ಷರು ಹೂಂ ಅಂದ್ರೆ ನಂದೂ ಒತ್ತಮ್ಮ" ಅಂದಿದ್ದರು. ನೀನು ನನ್ನ ಹೂಂಗಾಗಿ ಫೋನ್ ಮಾಡುತ್ತಲೇ ಇದ್ದೆ. ಬಾಣಂತಿಯ ಕಣ್ಣು ಸೇದುತ್ತದೆ ಎಂದು ಅವ್ವ ಫೋನು ಬಚ್ಚಿಟ್ಟಿದ್ದಳು. ನನಗೆ ಅದು ಸಿಕ್ಕಿದ್ದು ಇಪ್ಪತ್ತನಾಲ್ಕನೇ ತಾರೀಖು ಬೆಳಿಗ್ಗೆ. ನಿನ್ನ ಹದಿನಾಲ್ಕು ಕರೆ.

ಅದೇ ಹೊತ್ತಿಗೆ ದೇವರಾಜಣ್ಣ ಹೆಂಡತಿಯ ಜೊತೆ ಮಗು ನೋಡಲು ಬಂದರು. ಬೆಳ್ಳಿ ಕಾಲ್ಗಡಗ ತಂದಿದ್ದರು. ಅವರು ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದಾಗ ನಾನು ಹಾಲು ಕೊಡುವ ನೆಪದಲ್ಲಿ ಒಳಕೋಣೆಗೆ ಹೋದೆ. ಒಂದು ಕೈಯಲ್ಲಿ ಮಗು, ಟೈಪು ಮಾಡಲು ಇನ್ನೊಂದು ಕೈ ಸಾಲದು. ಫೋನು ಬಾಯಿಗೆ ಹತ್ತಿರ ಹಿಡಿದು ಪಿಸುಗುಟ್ಟಿ ವಾಯ್ಸ್ ಮೆಸೇಜು ಕಳಿಸಿದೆ. "ಒತ್ತು ಕವನ. ಅಂಗಡಿಯವರಿಗೆ ದುಡ್ಡು ಹಾಕಿಬಿಡು. ಸಭೆಯಲ್ಲಿ ಏನಿದ್ದರೂ ನಾನು ನೋಡಿಕೊಳ್ಳುತ್ತೇನೆ." ಹತ್ತೊಂಬತ್ತು ಸೆಕೆಂಡು. ಆಮೇಲೆ ಹೊರಗೆ ಬಂದು ಮಗುವನ್ನು ದೇವರಾಜಣ್ಣನ ತೊಡೆಯ ಮೇಲೆ ಮಲಗಿಸಿದೆ. ಹನ್ನೊಂದು ಇಪ್ಪತ್ಮೂರಕ್ಕೆ ನೀನು ದುಡ್ಡು ಕಳಿಸಿದೆ. ಹನ್ನೊಂದು ಇಪ್ಪತ್ನಾಲ್ಕಕ್ಕೆ ಅವರು ಪಾಪು ಎತ್ತಿಕೊಂಡ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿದರು, ಹಿಂದೆ ನಾನು ತಲೆಗೆ ಬಟ್ಟೆ ಕಟ್ಟಿಕೊಂಡು ನಗುತ್ತಾ ನಿಂತಿದ್ದೇನೆ.

ಮೇ ಸಭೆಗೆ ನಾನು ಬರಲಿಲ್ಲ. ಎರಡು ತಿಂಗಳಾಗದೆ ಹೊಸ್ತಿಲು ದಾಟುವ ಹಾಗಿಲ್ಲ ಎಂದು ಅವ್ವ ಹಟ ಹಿಡಿದಳು ಎಂದು ನಿನಗೆ ಹೇಳಿದೆ. ಅವ್ವ ಹಟ ಹಿಡಿದಿದ್ದು ನಿಜ. ನಾನು ಅದಕ್ಕೆ ಬೇಗ ಸೋತಿದ್ದೂ ನಿಜ. ದೇವರಾಜಣ್ಣ ಜಮಾಖರ್ಚಿನ ಹಾಳೆ ತಿರುಗಿಸಿ ತಾರೀಖು, ಗಂಟೆ ನೋಡಿ ಎದ್ದು ನಿಂತರಂತೆ: "ಅಲ್ಲಾ ಕಣ್ರಯ್ಯಾ, ಅಧ್ಯಕ್ಷೆ ಮಾಗಡೀಲಿ, ಸಹಿ ಇಲ್ಲಿ! ಆ ಹೊತ್ಗೆ ಅವ್ರ ಪಾಪೂನ ತೊಡೆ ಮ್ಯಾಲೆ ಮಡೀಕಂಡು ಕೂತಿದ್ದೋನು ನಾನು! ಇಲ್ಲಿ ಒತ್ತುದೋರ್ ಯಾರು?" ಅವರು ಸುಳ್ಳು ಹೇಳಲಿಲ್ಲ. ಕಂಡದ್ದನ್ನು ಹೇಳಿದರು. ಬಾಣಂತಿಯ ಸಹಿಯನ್ನು ಯಾರೋ ಕದ್ದರು ಎಂದು ನನ್ನ ಪರವಾಗಿಯೇ ಸಿಟ್ಟಾಗಿದ್ದರು.

ನಿನ್ನ ಹತ್ತಿರ ನನ್ನ ಮೆಸೇಜು ಇರಲಿಲ್ಲ. ಅದು ಪಾಪುವಿನ ಕೈ ತಾಗಿ ಅಳಿಸಿಹೋಯಿತು ಎಂದು ಆವತ್ತೇ ನಿನಗೆ ಹೇಳಿದ್ದೆನಲ್ಲ.

ನನಗೆ ನೋಟಿಸು ಬಂತು. ಇವರು ಅದನ್ನು ಅವ್ವನ ಮನೆಗೇ ತಂದು ಎರಡೆರಡು ಸಲ ಓದಿದರು. "ನೀನೇನ್ ಒತ್ತಿದ್ಯಾ? ಒತ್ತಿದ್ದು ಅವ್ಳು ತಾನೇ? ಅಷ್ಟೇ ಬರಿ" ಅಂದರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡೇ ಬರೆದೆ: 'ನನ್ನ ಡಾಂಗಲ್ ಕಚೇರಿಯ ಬೀರುವಿನಲ್ಲಿ ಇತ್ತು. ಸದರಿ ಪಾವತಿ ನನ್ನ ಗಮನಕ್ಕೆ ಬಂದಿರುವುದಿಲ್ಲ. ತಪ್ಪಿತಸ್ಥರ ಮೇಲೆ ಕ್ರಮ ಕೈಗೊಳ್ಳಬಹುದು.' ಮೂರೇ ಸಾಲು. ನಿನಗೆ ಒಂದು ಎಚ್ಚರಿಕೆ ಕೊಟ್ಟು ಬಿಡುತ್ತಾರೆ ಎಂದುಕೊಂಡೆ. ಹಾಗೆಂದು ನಂಬಿದ್ದೆನೋ, ನಂಬಿಕೊಂಡರೆ ನಿದ್ದೆ ಬರುತ್ತದೆ ಎಂದು ನಂಬಿದೆನೋ. ಜೂನ್ ಎರಡಕ್ಕೆ ನಿನ್ನನ್ನು ತೆಗೆದರು. ಬೀರುವಿನ ಬೀಗದ ಕೈ ಮೇಜಿನ ಮೇಲಿಟ್ಟು ನೀನು ಬಾಗಿಲಲ್ಲಿ ನಿಂತೆ. ಅವತ್ತೇ ನಾನು ಮೊದಲ ಸಲ ಕಚೇರಿಗೆ ಬಂದಿದ್ದೆ. ನೀನು ಏನಾದರೂ ಅಂದುಬಿಡುತ್ತೀಯ ಎಂದು ನಾನು ಕಾದೆ. ನೀನು ಕೇಳಿದ್ದು ಒಂದೇ: "ಅಧ್ಯಕ್ಷರೇ, ಪಾಪು ಹುಷಾರಾ?"

(ಪಾಪು ಎದ್ದಳು. ಹಾಲು ಕೊಡುತ್ತಾ ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ, ಕಾಗದ ಜಾರುತ್ತಿದೆ. ಮೂರೂಕಾಲು.)

ರಾತ್ರಿ ಊಟದ ಹೊತ್ತಿಗೆ ಅವ್ವ ಫೋನ್ ಮಾಡಿದ್ದಳು. ನಾಳೆ ಏನು ಓದುತ್ತಾರೆ ಎಂದು ಕೇಳಿದಳು, ಹೇಳಿದೆ. ಆಮೇಲೆ, "ಆ ತಾಂಬೂಲ ಕೊಟ್ಟಿದ್ದು ನನ್ ಕೈಯಿ ಕಣವ್ವ" ಅಂದಳು. "ಕೆಳಗ್ ನೀ ಏನ್ ಮಡಗಿದ್ಯೋ ನಂಗೊತ್ತಿಲ್ಲ ಅನ್ಕಂಡಿದ್ಯಾ? ದಕ್ಷಿಣೆ ಮಡಗಾಕೆ ಎಲೆ ಎತ್ತುದ್ರೆ ಅದಿತ್ತು. ನಿಮ್ ಪಂಚಾಯ್ತಿ ಇಚಾರ, ನಂಗ್ಯಾಕೆ ಅಂತ ಸುಮ್ಕಾದೆ. ಅರಿಸ್ನ ಕುಂಕುಮ ಕೊಟ್ಟು ಕಳ್ಸಿದ್ ಎಣ್ಮಗೀನ ಊರ್ ಮುಂದೆ ಕಳ್ಳಿ ಅಂತ ಓದ್ಸೀಯಾ, ಪ್ರತಿಮಾ?" ಅಷ್ಟು ಕೇಳಿ ಫೋನು ಇಟ್ಟಳು.

ಆಗಿನಿಂದ ಒಂದನ್ನೇ ಯೋಚಿಸುತ್ತಿದ್ದೇನೆ. ಮೋಟಾರು ಇದೆ, ಬಿಲ್ಲು ಇದೆ, ಊರಿಗೆ ನೀರಿದೆ. ಒಂದು ರೂಪಾಯಿ ಯಾರ ಮನೆಗೂ ಹೋಗಿಲ್ಲ. ಆದರೂ ತಪ್ಪು ತಪ್ಪೇ, ಅದು ನನ್ನದು. ಮೂರು ದಿನದ ನೋಟಿಸು ಕೊಟ್ಟು ತುರ್ತು ಸಭೆ ಕರೆಸಬಹುದಾಗಿತ್ತು. ದೇವರಾಜಣ್ಣನೂ ನೀರು ಕುಡಿಯುವವರೇ, ಕೊಡ ಹಿಡಿದ ಹೆಂಗಸರ ಮುಂದೆ ಕಮಾನು ಎನ್ನುವ ಧೈರ್ಯ ಅವರಿಗೂ ಇರುತ್ತಿರಲಿಲ್ಲ. ನಾನು ಊರನ್ನು ಕೇಳಲೇ ಇಲ್ಲ. ಕೇಳಿದರೆ ಚಾರ್ಜು ಬಿಡಬೇಕಾಗುತ್ತಿತ್ತು, ಅದಕ್ಕೆ. ಗೋಡೌನಿನವರ ಮುಂದೆ ಟೇಪು ಹಿಡಿದು ಲೆಕ್ಕ ಕೊಡಿ ಎಂದು ನಿಂತವಳು, ನನ್ನ ಸರದಿ ಬಂದಾಗ ಮುನಾವರ್ ಹಾಗೆ ಅರ್ಧಕ್ಕೇ ನಿಂತು ಟೇಪು ಮುಗೀತು ಅಂದುಬಿಟ್ಟೆ.

ಇನ್ನೊಂದು ಕಾಗದ ಬರೆದಿಟ್ಟಿದ್ದೇನೆ. ಬೆಳಿಗ್ಗೆ ಸಭೆಯಲ್ಲಿ ಓದಬೇಕಾದ್ದು. 'ಡಾಂಗಲ್ ಕೊಟ್ಟವಳು ನಾನು. ಪಾಸ್‌ವರ್ಡ್ ಬರೆದುಕೊಟ್ಟವಳು ನಾನು. ಒತ್ತು ಎಂದವಳು ನಾನು. ನೋಟಿಸಿಗೆ ಕೊಟ್ಟ ಉತ್ತರ ಸುಳ್ಳು. ವಸೂಲು ಮಾಡುವುದಿದ್ದರೆ ನನ್ನಿಂದ ಮಾಡಿ, ಕವನಳನ್ನು ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಿ.' ಆದರೆ ಅದೇ ಫೈಲಿನಲ್ಲಿ ನಿನ್ನ ಒಪ್ಪಿಗೆ ಪತ್ರ ಇದ್ದರೆ, ಇದು ಗೆಳತಿಯ ಮೇಲಿನ ಕನಿಕರದ ಮಾತು ಎಂದು ನಗುತ್ತಾರೆ. ತಪ್ಪು ಮಾಡಿದವಳೇ ಒಪ್ಪಿದ್ದಾಳೆ, ನಿಮಗ್ಯಾಕೆ ಮೇಡಂ ಅಂತಾರೆ. ದೇವರಾಜಣ್ಣ ಫೋಟೋ ತೋರಿಸುತ್ತಾರೆ. ಹಾಗಾಗಿ ಆ ಪತ್ರ ಏಳಕ್ಕೆ ಮುಂಚೆ ಹೊರಗೆ ಬರಬೇಕು. ನಿನ್ನ ಬಾಯಿಂದ ಒಂದು ಮಾತು ಸಾಕು. ನಾನು ಸ್ವಾಮಿ ಸಾರ್ ಮನೆಗೆ ಹೋಗಿ ಬಾಗಿಲು ಬಡಿದು ಫೋನು ಅವರ ಕೈಗೇ ಕೊಡುತ್ತೇನೆ.

ಇವರು ಎದ್ದರು. ನಾನು ಬರೆಯುವುದನ್ನು ನೋಡಿ ಏನು ಅಂದರು. ಎಲ್ಲ ಹೇಳಿದೆ. ಡಾಂಗಲ್ಲಿನ ವಿಷಯ ಅವರಿಗೆ ಇವತ್ತಿನವರೆಗೂ ಗೊತ್ತಿರಲಿಲ್ಲ. ಮೂರು ಸಾಲು ಬರೆಸಿದವರು ಅವರೇ, ಆದರೆ ಅವರಿಗೂ ನಾನು ಬೀರುವಿನ ಕಥೆಯನ್ನೇ ಹೇಳಿದ್ದೆ. ಮಂಚದ ತುದಿಯಲ್ಲಿ ಕೂತು ಶರಟಿನ ಗುಂಡಿ ಹಾಕಿಕೊಳ್ಳುತ್ತಾ ತಪ್ಪು ಕಾಜಿಗೆ ಹಾಕಿ, ಬಿಚ್ಚಿ, ಮತ್ತೆ ಹಾಕಿಕೊಂಡರು. ಕೊನೆಗೆ, "ಕಟ್ಟೋದಾದ್ರೆ ನಾವ್ ಕಟ್ಟಾಣ ಬುಡು. ಭಾನ್ವಾರದ್ ಟ್ರಿಪ್ಪೂ ಒಡೀತೀನಿ. ಆ ಎಣ್ಮಗೀಗೆ ಏನ್ ಮುಖ ತೋರ್ಸ್ಲಿ ಈಗ? ಕಾಗ್ದ ಕೊಡು" ಅಂದರು. ಹೋಟೆಲಿನ ಮುಂದೆ ನಿಂತು ಅವರು ತಡವರಿಸಿದರೆ ಸಹಿಸಿಕೋ.

ಕವನ, ನಾನು ಕ್ಷಮಿಸು ಎಂದು ಕೇಳಲು ಬರೆದದ್ದಲ್ಲ. ಅದನ್ನು ಇನ್ನೊಂದು ದಿನ, ನಿನ್ನ ಎದುರಿಗೆ ಕೂತು, ನೀನು ಬೈಯುವಷ್ಟು ಬೈದ ಮೇಲೆ ಕೇಳುತ್ತೇನೆ. ಈಗ ಬೇಕಾದ್ದು ಒಂದು ಕರೆ. ಫೋನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತೇನೆ.

ನಿನ್ನ
ಪ್ರತಿಮಾ

ಮರೆತು ಬಿಟ್ಟದ್ದಲ್ಲ, ಬರೆಯಲು ಕೈ ಬಾರದೆ ಕಡೆಗೆ ಉಳಿಸಿಕೊಂಡದ್ದು: ಆ ಮೆಸೇಜು ಪಾಪು ಅಳಿಸಿದ್ದಲ್ಲ. ಇಪ್ಪತ್ತೈದು ದಿನದ ಕೂಸು, ಮುಷ್ಟಿಯನ್ನೇ ಬಿಚ್ಚುತ್ತಿರಲಿಲ್ಲ. ನಾನೇ ಅಳಿಸಿದೆ, ನಿನ್ನ ಫೋನಿನಿಂದಲೂ ಹೋಗುವ ಹಾಗೆ. ನೋಟಿಸು ಬಂದ ಮೇಲೆ ಹೆದರಿ ಮಾಡಿದ್ದಲ್ಲ. ಅದೇ ಇಪ್ಪತ್ತನಾಲ್ಕನೇ ತಾರೀಖು, ದೇವರಾಜಣ್ಣ ಹೊರಟ ಅರ್ಧ ಗಂಟೆಗೆ. ಅಂದರೆ ಮೋಟಾರು ಬಾವಿಗೆ ಇಳಿಯುವ ಮೊದಲೇ ನಾನು ನಿನ್ನ ಕೈ ಬಿಟ್ಟಿದ್ದೆ. ನೀನು ನಕ್ಕು, ಸರಿ ಬಿಡು, ಪಾಪು ಈಗಲೇ ಅಧ್ಯಕ್ಷೆ ಆಗಿದ್ದಾಳೆ ಎಂದೆ. ನಿನಗೆ ಆವತ್ತೇ ಗೊತ್ತಾಗಿತ್ತೆಂದು ಈಗ ಅನ್ನಿಸುತ್ತದೆ.

ಇದನ್ನು ಅಳಿಸಲಾರೆ, ಇಂಕಿನಲ್ಲಿ ಬರೆದಿದ್ದೇನೆ. ಜೋಪಾನವಾಗಿಟ್ಟುಕೋ. ಹತ್ತು ಗಂಟೆಗೆ ನಾನು ಬಾಯಿ ಬಿಡದೆ ಕೂತರೆ ಇದನ್ನೇ ತಂದು ಸಭೆಯಲ್ಲಿ ಓದು. ಯಾಕೆಂದರೆ ನನ್ನ ಭಯ ಬೇರೆಯದೇ ಇದೆ. ನೀನು ಫೋನ್ ಮಾಡದಿದ್ದರೆ, ಕವನಳೇ ಸುಮ್ಮನಿದ್ದಾಳಲ್ಲ ಎಂದುಕೊಂಡು ನಾನೂ ಸುಮ್ಮನಿದ್ದುಬಿಡುತ್ತೇನೆ. ನನ್ನನ್ನು ನಾನು ಈಗ ಅಷ್ಟು ಬಲ್ಲೆ. ಆ ನೆಪ ನನಗೆ ಸಿಗದ ಹಾಗೆ ಮಾಡು. ಇವರು ಗಾಡಿಯ ಕೀ ತೆಗೆದುಕೊಂಡರು, ಕಾಗದ ಮಡಿಸಬೇಕು. ಬೈಯುವುದಕ್ಕಾದರೂ ಸರಿ, ಏನೂ ಮಾತಾಡದೆ ಉಸಿರು ಬಿಟ್ಟು ಇಡುವುದಕ್ಕಾದರೂ ಸರಿ, ಫೋನ್ ಮಾಡು ಕವನ, ಬೆಳಗಾಗುವುದರೊಳಗೆ ಮಾಡು.